ಬಟ್ಟಲಿಗೆ ಅಡ್ಡ ಹಿಡಿದ ಕೈ

ಕೊರಿಯಾದ ಆ ಅಜ್ಜಿ ಹುಳಿಬಂದ ಖಾರದ ಎಲೆಕೋಸನ್ನು ಮೂರನೇ ಸಲ ಬಡಿಸಲು ಬಂದಾಗ ನಾನು ಎರಡೂ ಕೈಗಳನ್ನು ಬಟ್ಟಲಿಗೆ ಅಡ್ಡ ಹಿಡಿದೆ. ಅವರ ಕೈ ಅಲ್ಲೇ ನಿಂತಿತು. ಮುಖ ಸಣ್ಣದಾಯಿತು. ತಿರುಗಿ ಒಳಗೆ ಹೋದರು.

ಮಗಳನ್ನು ಬೆಂಗಳೂರಿನ ಕಾಲೇಜಿಗೆ ಸೇರಿಸಲು ನರಸಿಂಹರಾಜಪುರದಿಂದ ಹೋಗಿದ್ದೆ. ಕಾಲೇಜಿನ ಎದುರು, ಎಸ್‌ಟಿಡಿ ಬೂತಿನ ಪಕ್ಕದಲ್ಲಿ ಕೊರಿಯಾದ ಒಂದು ಕುಟುಂಬ ನಡೆಸುವ ಪುಟ್ಟ ಹೋಟೆಲು ಅದು. ಬಡಿಸಿದ್ದನ್ನು ಬಿಡಬಾರದೆಂದು ನಾನು ಬಟ್ಟಲು ಖಾಲಿ ಮಾಡುವುದು, ಅಜ್ಜಿ ಮತ್ತೆ ತುಂಬುವುದು ನಡೆದೇ ಇತ್ತು.

ಈಗ ಒಳಗೆ ಪಾತ್ರೆಯ ಸದ್ದೂ ನಿಂತಿತು. ಪಕ್ಕದ ಮೇಜಿನವರು ಉಣ್ಣುವುದನ್ನು ಬಿಟ್ಟು ನಮ್ಮನ್ನೇ ನೋಡಿದರು. "ಎಂತ ಮಾಡ್ದೆ ಅಮ್ಮಾ? ನಾಳೆಯಿಂದ ನಾನು ಇಲ್ಲೇ ಉಣ್ಬೇಕು ಮಾರಾಯ್ತಿ!" ಎಂದು ಮಗಳು ಹಲ್ಲು ಕಚ್ಚಿ ಪಿಸುಗುಟ್ಟಿದಳು. ಅಜ್ಜಿಯ ಸೊಸೆ ಹೊರಗೆ ಬಂದು, "ಊಟ ಚೆನ್ನಾಗಿಲ್ವಾ?" ಎಂದು ಹರಕುಮುರುಕು ಕನ್ನಡದಲ್ಲಿ ಕೇಳಿದಳು.

ನಮ್ಮ ಕಡೆ ಎಲೆಗೆ ಕೈ ಅಡ್ಡ ಹಿಡಿದವರನ್ನು ಯಾರೂ ನಂಬುವುದಿಲ್ಲ. ಬೆರಳ ಸಂದಿಯಲ್ಲೇ ಬಡಿಸಿ ಮುಂದೆ ಹೋಗುತ್ತಾರೆ. ಅಜ್ಜಿ ನಂಬಿಬಿಟ್ಟಿದ್ದರು. ನಾನು ಎದ್ದು ಅಡುಗೆಮನೆಯ ಬಾಗಿಲಿಗೆ ಹೋಗಿ ಎರಡೂ ಕೈಯಲ್ಲಿ ಬಟ್ಟಲು ಚಾಚಿದೆ. ಅವರು ನನ್ನ ಮುಖವನ್ನೇ ದಿಟ್ಟಿಸಿ ನೋಡಿದರು. ಆಮೇಲೆ ಬಟ್ಟಲು ತುಂಬ ಬಡಿಸಿದರು.

ಊರಿಗೆ ಬಂದ ಮೇಲೆ ಒಂದು ಮದುವೆಯಲ್ಲಿ ಪಾಯಸ ಬಡಿಸುತ್ತಿದ್ದೆ. ಕೊಪ್ಪದ ನೆಂಟರೊಬ್ಬರು ಎಲೆಗೆ ಕೈ ಅಡ್ಡ ಹಿಡಿದರು. ಅಜ್ಜಿಯ ನೆನಪಾಗಿ, ನಂಬಿ ಮುಂದೆ ಹೋದೆ. ತಿರುಗಿ ನೋಡಿದರೆ ಅವರ ಮುಖವೂ ಅಜ್ಜಿಯ ಮುಖದಷ್ಟೇ ಸಣ್ಣದಾಗಿತ್ತು.