ಗೋಡೆಯಾಚೆಯ ಕೂಗು

ಯುದ್ಧದ ವರ್ಷಗಳಲ್ಲಿ ನಾವು ದೊಡ್ಡಬಳ್ಳಾಪುರದಲ್ಲಿದ್ದೆವು. ಅತ್ತೆಗೆ ಕಣ್ಣು ಮಂಜಾಗಿದ್ದರಿಂದ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದ ಸಂಜೆಗಳಲ್ಲಿ ನಾನೇ ಬೈಬಲ್ ಓದಿ ಹೇಳುತ್ತಿದ್ದೆ. ಅಂದು ನೆರೆಯವರನ್ನು ಪ್ರೀತಿಸಬೇಕೆಂಬ ಭಾಗ ಓದುತ್ತಿರುವಾಗ, ಪಕ್ಕದ ಮನೆಯ ನೇಕಾರರ ಹೆಂಗಸು ಗೋಡೆಯಾಚೆಯಿಂದ ಕೂಗಿದಳು: "ಅಕ್ಕಾ, ಒಂದು ಬಿಂದಿಗೆ ನೀರು ಕೊಡಿ. ಮಗನ್ನ ಬಿಟ್ಟು ಬಾವಿಗೆ ಹೋಗಕ್ಕಾಗ್ತಿಲ್ಲ."

ಅವಳ ಮಗನಿಗೆ ಸಿಡುಬು ಎದ್ದಿತ್ತು. ನನ್ನ ತೊಡೆಯ ಮೇಲೆ ಹಸುಗೂಸು ಮಲಗಿತ್ತು. ನಾನು ಕೇಳಿಸದವಳಂತೆ ದನಿ ಏರಿಸಿ ಓದಿದೆ.

"ಸಾಕು ನಿಲ್ಸಮ್ಮ," ಎಂದು ಅತ್ತೆ ಬಿಂದಿಗೆ ಎತ್ತಿಕೊಂಡು ಹೊರಟರು. ನಮ್ಮ ಕೂಸಿಗೆ ಸೋಂಕು ತಗಲದಿರಲೆಂದು, ಆ ಹುಡುಗ ಗುಣವಾಗುವವರೆಗೆ ಅಲ್ಲೇ ಉಳಿದುಬಿಟ್ಟರು.

ಈಸ್ಟರ್ ಕಳೆದ ಮೇಲೆ ಆ ಹೆಂಗಸು ನನ್ನ ಮಗುವಿಗೆಂದು ತಾನೇ ನೇಯ್ದ ಬಟ್ಟೆ ತಂದಳು.

"ಕೂಸು ಚೆನ್ನಾಗೈತಾ ಅಕ್ಕಾ?" ಎಂದಳು.

ಹೂಂ ಎಂದೆ. ಅವಳ ಮಗ ಹೇಗಿದ್ದಾನೆಂದು ಕೇಳಲು ನನಗೆ ಬಾಯಿ ಬರಲಿಲ್ಲ.