ಬೋಣಿಯ ಲೆಕ್ಕ

ಮನುಷ್ಯನು ತನ್ನ ಗುಟ್ಟನ್ನೆಲ್ಲ ಬಿಚ್ಚಿಡಬಹುದಾದ ಜಾಗಗಳು ಈ ಲೋಕದಲ್ಲಿ ಎರಡೇ: ದೇವರ ಸನ್ನಿಧಿ ಮತ್ತು ವೈದ್ಯರ ಕೋಣೆ. ಹೀಗೆಂದು ಬಹುಕಾಲ ನಂಬಿದ್ದೆ. ಹುಮನಾಬಾದಿನಲ್ಲಿ ಹಿಟ್ಟಿನ ಗಿರಣಿಯ ಮೇಲೆ ಮೂರನೆಯದೊಂದು ಇದೆಯೆಂದು ಆಗ ನನಗೆ ತಿಳಿದಿರಲಿಲ್ಲ.

ಮಾಣಿಕನಗರದ ರಸ್ತೆಯಲ್ಲಿ ನಮ್ಮದೊಂದು ಅಂಗಡಿ. ಹಗ್ಗ, ಮೂಗುದಾರ, ತಾಡಪತ್ರಿ, ಔಷಧ ಹೊಡೆಯುವ ಪಂಪು ಮಾರುತ್ತೇವೆ. ಹುಡಗಿ ಊರಿನ ಕಡೆಯ ಒಕ್ಕಲಿಗರು, ಕುರಿ ಕಾಯುವವರು ನಮ್ಮ ಗಿರಾಕಿಗಳು. ಲೆಕ್ಕವನ್ನು ನಾನೇ ಬರೆಯುತ್ತಿದ್ದೆ, ಅಕ್ಷರ ದುಂಡಗಿದೆ ಎಂಬ ಒಂದೇ ಅರ್ಹತೆಯ ಮೇಲೆ. ಒಂದು ದಿನ ತೆರಿಗೆ ಇಲಾಖೆಯ ನೋಟೀಸು ಬಂತು. ಕೊಂಡದ್ದು ಹೆಚ್ಚು, ಮಾರಿದ್ದು ಕಡಿಮೆ, ಮಿಕ್ಕ ಸರಕು ಎಲ್ಲಿ? ಸರಿಯಾದ ಉತ್ತರ ಕೊಡದಿದ್ದರೆ ಜಿಎಸ್‌ಟಿ ನೋಂದಣಿ ರದ್ದು. ನೋಂದಣಿ ಹೋದರೆ ಕಂಪನಿಯವರು ಸರಕು ಕಳಿಸುವುದಿಲ್ಲ. ಆಮೇಲೆ ಅಂಗಡಿಯಲ್ಲಿ ಉಳಿಯುವವರು ನಾನು ಮತ್ತು ಫ್ಯಾನು.

ಇಸ್ತ್ರಿಯ ಅಂಗಿ ತೊಟ್ಟು, ಪುಸ್ತಕಗಳನ್ನು ಬಗಲಲ್ಲಿಟ್ಟುಕೊಂಡು ಹೊರಟಾಗ ಮನೆಯಾಕೆ ಬಾಗಿಲಲ್ಲಿ ನಿಂತು, "ಕನ್ಯಾ ನೋಡಾಕ ಹೊಂಟಂಗ ಹೊಂಟೀರಲ್ರೀ," ಎಂದಳು.

ಮೊದಲು ಹೋದದ್ದು ಬಸವಕಲ್ಯಾಣದ ಒಬ್ಬ ತೆರಿಗೆ ಸಲಹೆಗಾರರ ಹತ್ತಿರ. ಗಾಜಿನ ಬಾಗಿಲು, ತಣ್ಣನೆಯ ಕೋಣೆ, ತಿರುಗುವ ಕುರ್ಚಿ. ಕುರ್ಚಿಯ ಮೇಲಿದ್ದವರು ನೋಟೀಸಿನ ತಲೆಬರಹ ಮಾತ್ರ ಓದಿದರು.

"ಫಿಕರ್ ಮಾಡಬ್ಯಾಡ್ರಿ ಸಾವಕಾರ್ರ. ಇಂಥಾವ ದಿನಾ ಹತ್ತು ಬರ್ತಾವ. ಪಾಸ್‌ವರ್ಡ್ ಬರೆದಿಟ್ಟು ಹೋಗ್ರಿ, ಎಲ್ಲಾ ಜೋಡಿಸ್ತೀನಿ."

"ಪುಸ್ತಕ ನೋಡಂಗಿಲ್ಲೇನ್ರಿ?"

"ಯಾಕ್ ಬೇಕ್ರಿ ಪುಸ್ತಕ?"

ನನಗೆ ಬಹಳ ಹಿಡಿಸಿತು. ಚಹಾ ಕೂಡ ಚೆನ್ನಾಗಿತ್ತು. ಪಾಸ್‌ವರ್ಡ್ ನೆನಪಿಗೆ ಬಾರದ ಕಾರಣ, ನಾಳೆ ತಂದುಕೊಡುತ್ತೇನೆಂದು ಹೇಳಿ ಬಸ್ಸು ಹತ್ತಿದೆ. ರಾತ್ರಿ ಊಟಕ್ಕೆ ಕೂತಾಗ ಮನೆಯಾಕೆ, "ನಾಡಿ ಹಿಡೀದೆ ಗುಳಿಗಿ ಕೊಡೋ ಡಾಕ್ಟರ್ ಹತ್ರ ಹೋಗ್ತೀರೇನು? ಗಿರಣಿ ಮ್ಯಾಲ ಒಬ್ಬಾಕಿ ಇದೇ ಕೆಲಸ ಮಾಡ್ತಾಳ. ಆಕೀನ್ನೂ ಕೇಳಿ ನೋಡ್ರಿ," ಎಂದಳು.

ಆ ಕೋಣೆಗೆ ಕಡಿದಾದ ಮೆಟ್ಟಿಲು. ಗಿರಣಿ ತಿರುಗಿದರೆ ಮೇಜು ನಡುಗುತ್ತಿತ್ತು, ಕಡತಗಳ ಮೇಲೆ ಜೋಳದ ಹಿಟ್ಟು ಕೂತಿತ್ತು. ನನ್ನ ಮಗಳ ವಯಸ್ಸಿನ ಆ ಹೆಣ್ಣುಮಗಳು ಚಹಾದ ಮಾತೇ ಎತ್ತಲಿಲ್ಲ. ತನ್ನ ಫೀ ಎಷ್ಟೆಂದು ಮೊದಲೇ ಹೇಳಿದಳು. ಖರೀದಿಯ ಬಿಲ್ಲು, ಮಾರಿದ ಬಿಲ್ಲು ಎಲ್ಲ ಇಟ್ಟುಕೊಂಡಳು. ಅಂಗಡಿ ಮುಚ್ಚುವ ಅಮಾವಾಸ್ಯೆಗೊಮ್ಮೆ ಮನೆಯಾಕೆ ಸರಕು ಎಣಿಸಿ ಬರೆದಿಡುವ ನೋಟುಬುಕ್ಕನ್ನೂ ಕೇಳಿ ತರಿಸಿಕೊಂಡಳು. "ಮೂರು ದಿನ ಬಿಟ್ಟು ಬರ್ರಿ ಕಾಕಾ. ಆಗ್ತದೋ ಇಲ್ಲೋ ಅವತ್ತ ಹೇಳ್ತೀನಿ."

ಮೂರು ದಿನ ಬಿಟ್ಟು ಹೋದಾಗ ಕೇಳಿದಳು, "ಕಾಕಾ, ನಿಮ್ಮ ಅಂಗಡ್ಯಾಗ ಕಳವು ಆಗಾಕತ್ತದೇನ್ರಿ?"

"ಛೇ ಛೇ! ಇಲ್ಲವ್ವ."

"ದಿನಾ ಒಂದು ಸಾಮಾನು ಕಮ್ಮಿ ಬರ್ತದ. ಎರಡಲ್ಲ, ಒಂದ. ಅಮಾಸಿಯಿಂದ ಅಮಾಸಿಗೆ ಎಷ್ಟು ದಿನ ಬಿಲ್ ಹರಿದು ಕೊಟ್ಟೀರೋ ಅಷ್ಟ ಸಾಮಾನು ಇಲ್ಲ. ನಡುವ ಒಮ್ಮೆ ಒಂಬತ್ತು ದಿನ ಬಿಲ್ ಇಲ್ಲ..."

"ಮಗಳ ಮದಿವಿ ಇತ್ತು. ಬೀಗ ಹಾಕಿದ್ವಿ."

"ಆ ಒಂಬತ್ತು ದಿನ ಏನೂ ಹೋಗಿಲ್ಲ. ಅಂಗಡಿ ಬಂದ್ ಇದ್ದಾಗ ರಜಾ ತಗೊಳ್ಳೋ ಕಳ್ಳ ಯಾವಂರಿ?"

ಕೆಳಗೆ ಗಿರಣಿ ನಿಂತಿತು. ಆ ಕಳ್ಳ ನಾನೇ, ಅದೂ ಮಡಿಯಿಂದ. ಬೆಳಗಿನ ಬೋಣಿಗೆ, ಗಿರಾಕಿ ಹತ್ತು ಕೇಳಿದರೂ, ಮೊದಲು ಒಂದೇ ಸಾಮಾನು ಕೊಡುವುದು ನಮ್ಮಲ್ಲಿ ಪದ್ಧತಿ. ಆ ದುಡ್ಡನ್ನು ಕಣ್ಣಿಗೊತ್ತಿ ದೇವರ ಡಬ್ಬಿಗೆ ಹಾಕುತ್ತೇವೆ. ವರ್ಷಕ್ಕೊಮ್ಮೆ ಅದು ಅನ್ನದಾನಕ್ಕೆ ಹೋಗುತ್ತದೆ. ದೇವರ ದುಡ್ಡನ್ನು ಪುಸ್ತಕದಲ್ಲಿ ಬರೆಯಬಾರದೆಂದು ಅಪ್ಪ ಹೇಳಿದ್ದ, ನಾನು ಬರೆದಿರಲಿಲ್ಲ. ನಮ್ಮ ಅಂಗಡಿಗೆ ಒಮ್ಮೆಯೂ ಕಾಲಿಡದ ಆಕೆ, ದೇವರ ಗೂಡಿನಲ್ಲಿ ಡಬ್ಬಿ ಇರುವ ಜಾಗವನ್ನು ಬೆರಳಿಟ್ಟು ತೋರಿಸಿದ ಹಾಗಾಯಿತು. ಕೈಮುಗಿಯಬೇಕೆನ್ನಿಸಿತು; ವಯಸ್ಸು ಅಡ್ಡ ಬಂತು.

ನಾನು ಎಲ್ಲವನ್ನೂ ಹೇಳಿದೆ. ಆಕೆ ನಗಲಿಲ್ಲ.

"ದೇವರಿಗೆ ಜಿಎಸ್‌ಟಿ ಮಾಫ್ ಇರಬಹುದು ಕಾಕಾ, ನಿಮಗಿಲ್ಲ. ಮೊದಲು ಬಿಲ್ ಹರೀರಿ, ಆಮ್ಯಾಲ ಡಬ್ಬಿಗಿ ಹಾಕ್ರಿ. ಈಗ ಇದ್ದದ್ದು ಇದ್ದಂಗ ಬರೀತೀನಿ. ತೆರಿಗಿ, ಬಡ್ಡಿ ಎರಡೂ ಕಟ್ಟಬೇಕಾಗ್ತದ. ಸುಳ್ಳು ಬರೀಬೇಕಂದ್ರ ನನ್ನ ಕೈಲಿ ಆಗಂಗಿಲ್ಲ, ಬ್ಯಾರೇವ್ರನ್ನ ನೋಡ್ರಿ."

ಬಸವಕಲ್ಯಾಣದ ತಿರುಗುವ ಕುರ್ಚಿ ಒಂದು ಗಳಿಗೆ ಕಣ್ಣ ಮುಂದೆ ಬಂತು. ಅವರು ಎಲ್ಲವನ್ನೂ ಜೋಡಿಸುತ್ತಿದ್ದರು, ಸಂಶಯವಿಲ್ಲ. ಆದರೆ ಏನನ್ನು ಜೋಡಿಸಬೇಕೆಂಬುದು ಅವರಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

"ಬರಿಯವ್ವ," ಎಂದೆ.

ತೆರಿಗೆಯನ್ನೂ ಬಡ್ಡಿಯನ್ನೂ ಕಟ್ಟಿದೆವು. ನೋಂದಣಿ ರದ್ದಾಗಲಿಲ್ಲ.