ಅಮ್ಮನ ದನಿಯನ್ನು ಕಾಯುತ್ತಿದ್ದ ಪೆಟ್ಟಿಗೆ

ಸಕಲ ಸಾಧನಗಳಲ್ಲೂ ನೆಲೆಸಿರುವ ಜಗನ್ಮಾತೆಗೆ ವಂದಿಸಿ ಬರೆಯುತ್ತಿದ್ದೇನೆ. ಇಂದು ಆಶ್ವಯುಜ ಶುದ್ಧ ನವಮಿ, ಆಯುಧಪೂಜೆ. ಬಂಗಾರಪೇಟೆಯ ನಮ್ಮ ಮನೆಯಲ್ಲಿ ಹಳೆಯದೊಂದು ಕಬ್ಬಿಣದ ಪೆಟ್ಟಿಗೆಗೆ ಕುಂಕುಮವಿಟ್ಟೆ.

ಉರಿಗಾಂನಲ್ಲಿ ಚಿನ್ನದ ಗಣಿಯ ಕೆಲಸದಲ್ಲಿದ್ದ ನಮ್ಮ ತಂದೆಗೆ, ಅಮೆರಿಕಕ್ಕೆ ಮರಳಿದ ಅಧಿಕಾರಿಯೊಬ್ಬರು ತಮ್ಮ ಟೇಪ್ ರೆಕಾರ್ಡರನ್ನು ಕೊಟ್ಟುಹೋಗಿದ್ದರು. ಅದು ನೂರಹತ್ತು ವೋಲ್ಟಿನ ಯಂತ್ರ. ನಮ್ಮ ಮನೆಯ ವಿದ್ಯುತ್ತು ಅದರ ಎರಡರಷ್ಟು. ಅದನ್ನು ತಗ್ಗಿಸಿ ಕೊಡುತ್ತಿದ್ದುದೇ ಈ ಪೆಟ್ಟಿಗೆ. ತೀರಿಕೊಂಡ ಅಮ್ಮನ ದನಿ, ಅವಳು ಹಾಡಿದ ಒಂದು ಪದ, ಉಳಿದಿದ್ದುದು ಆ ಯಂತ್ರದ ಒಂದೇ ಟೇಪಿನಲ್ಲಿ. ಪ್ರತಿ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಅಪ್ಪ ಅದನ್ನು ಕೇಳುತ್ತಿದ್ದರು.

ನಾನು ಚಿಕ್ಕವಳಿದ್ದಾಗ ಒಂದು ಆಯುಧಪೂಜೆಯಂದು ಅಪ್ಪ ಸುತ್ತಿಗೆ, ಉಳಿಗಳ ಸಾಲಿನಲ್ಲಿ ಪೆಟ್ಟಿಗೆಯನ್ನೂ ಇಟ್ಟು, “ಪೂಜೆಗೆ ಕೂತಿದ್ದನ್ನ ನಾಳೆಗಂಟ ಯಾರೂ ಮುಟ್ಟಂಗಿಲ್ಲ ಕಣಮ್ಮಾ” ಎಂದರು.

“ಅಂಗಾದ್ರೆ ಅಮ್ಮನ ಪದ?” ಎಂದೆ.

“ನಿಮ್ಮಮ್ಮಂಗೂ ಒಂದಿನ ರಜಾ ಕೊಡೇ” ಎಂದು ನಕ್ಕರು.

ನಾನು ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಯಂತ್ರದ ವೈರನ್ನು ನೇರವಾಗಿ ಗೋಡೆಯ ಪ್ಲಗ್ಗಿಗೆ ಚುಚ್ಚಿದೆ. ಅಮ್ಮ ಒಂದು ಸಾಲು ಹಾಡಿದಳು. ಎರಡನೆಯ ಸಾಲಿಗೆ ಹೊಗೆ ಎದ್ದಿತು. ಅಪ್ಪ ಓಡಿಬಂದು ಮೇನ್ ಆರಿಸುವಷ್ಟರಲ್ಲಿ ಟೇಪು ಕರಗಿ ಮುದ್ದೆಯಾಗಿತ್ತು.

ಅವರು ಮೊದಲು ನನ್ನ ಅಂಗೈಗಳನ್ನು ತಿರುಗಿಸಿ ನೋಡಿದರು. “ನಿಂಗೇನೂ ಆಗಿಲ್ವಲ್ಲ ತಾಯೀ? ಮುಟ್ಟಬ್ಯಾಡ ಅಂದೆ. ಅದು ಯಾಕಿರೋದು ಅಂತ ಏಳ್ಲೇ ಇಲ್ವಲ್ಲಮ್ಮಾ ನಾನು.”

ಅಂದಿನಿಂದ ಅಪ್ಪ ಪ್ರತಿ ಸಂಜೆ ದೀಪ ಹಚ್ಚಿ, ಟೇಪು ಕೇಳುತ್ತಿದ್ದ ಜಾಗದಲ್ಲೇ ಕುಳಿತಿರುತ್ತಿದ್ದರು.

ಇಂದು ಈ ಪೆಟ್ಟಿಗೆ ಯಾಕಿರುವುದೆಂದು ಮೊಮ್ಮಗಳಿಗೆ ಹೇಳಿದ ಮೇಲೆಯೇ ಮಂಗಳಾರತಿ ಎತ್ತಿದೆ. ಪರದೇಶದ ಯಂತ್ರ ತಂದವರು ಅದರ ಮೇಲಿನ ವೋಲ್ಟನ್ನು ಓದಿಯೇ ಪ್ಲಗ್ಗಿಗೆ ಹಾಕುವಂತಾಗಲಿ. ಓದುವವರೆಲ್ಲರ ಮನೆಗಳಲ್ಲಿ ಪ್ರೀತಿಯ ದನಿಗಳು ಬಹುಕಾಲ ಬಾಳಲಿ.